ನಾಗಬನಕ್ಕೆ ಬಿದ್ದ ಚೆಂಡು

ಶಶಿಪ್ರಭಾ ಟೀಚರ್ ಮಕ್ಕಳ ಪುಸ್ತಕ ಬರೆದರು ಎಂದು ಈಗ ಶಿರ್ತಾಡಿಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೇಳಲಿ ಬಿಡಿ. ಅವರು ಬರೆದದ್ದು ಆ ಪುಸ್ತಕವಲ್ಲ ಎಂದು ನನಗೆ ಗೊತ್ತು. ಯಾಕೆಂದರೆ ಅದರ ಒಂದೊಂದು ಅಕ್ಷರವನ್ನೂ ಟೈಪ್ ಮಾಡಿದವಳು ನಾನು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಆಧಾರ್ ಜೆರಾಕ್ಸ್, ಉಳಿದ ಹೊತ್ತಿನಲ್ಲಿ ಜಗಳ. ಅನಂತಮತಿಯ ನಾಲಗೆ ಉದ್ದ ಎಂದು ಊರವರು ಹೇಳುವುದು ಸುಳ್ಳಲ್ಲ.

ಟೀಚರ್ ಶಿರ್ತಾಡಿ ಕಡೆಯ ಅಂಗನವಾಡಿಯವರು. ಶನಿವಾರ ಮಧ್ಯಾಹ್ನ ಕೈಬರಹದ ಕಥೆ ಹಿಡಿದು ಬಸ್ಸು ಹತ್ತಿ ನನ್ನ ಅಂಗಡಿಗೆ ಬರುವುದು ವರ್ಷಗಟ್ಟಲೆ ಅವರ ರೂಢಿ. ಮೊದಲ ದಿನವೇ ಕೇಳಿದ್ದೆ, "ಎಂಥದ್ದಕ್ಕೆ ಟೀಚರ್ ಈ ಉಸಾಬರಿ? ಮಕ್ಕಳ ಪುಸ್ತಕ ಪೇಟೆಯಲ್ಲಿ ರಾಶಿ ಉಂಟಲ್ಲ?"

"ಉಂಟು ಅನಂತಕ್ಕ. ಅದರಲ್ಲಿ ಒಂಟೆ ಉಂಟು, ಹಿಮ ಉಂಟು. ನಮ್ಮ ಮಕ್ಕಳು ಇಲ್ಲ," ಎಂದರು.

ಅವರ ಕಥೆಗಳಲ್ಲಿ ನನ್ನ ಜೀವ ಹಿಡಿದದ್ದು ಒಂದೇ, 'ನಾಗಣ್ಣನ ಚೆಂಡು'. ನಮ್ಮಲ್ಲಿ ಊರೂರಿಗೆ ನಾಗಬನ ಉಂಟಷ್ಟೆ. ಮರ, ಬಳ್ಳಿ, ನಡುವೆ ನಾಗನ ಕಲ್ಲು, ಸುತ್ತ ಗೋಡೆ. ಅದರೊಳಗೆ ಯಾರೂ ಕಾಲಿಡುವಂತಿಲ್ಲ. ಆಡುವಾಗ ಚೆಂಡು ಒಳಗೆ ಬಿದ್ದರೆ ಮುಗಿಯಿತು, ನಾಗರ ಪಂಚಮಿಗೆ ಭಟ್ಟರು ತನು ಹಾಕಲು ಒಳಗೆ ಹೋಗುವವರೆಗೆ ಕಾಯಬೇಕು. ಅವತ್ತು ಭಟ್ಟರು ಕಲ್ಲಿಗೆ ತನು ಅಂತ ಹಾಲು, ಸೀಯಾಳ ಎರೆದು ಬರುವಾಗ ಕೈಯಲ್ಲಿ ಪಾಚಿ ಹಿಡಿದ ಎರಡು ಚೆಂಡೂ ಇರುತ್ತವೆ. ಟೀಚರ ಕಥೆಯಲ್ಲಿ ಅಷ್ಟು ತಿಂಗಳು ಆ ಚೆಂಡಿನ ಜೊತೆ ಆಡುವವನು ನಾಗಣ್ಣ. ಅವನಿಗೂ ಒಬ್ಬನೇ ಕೂತು ಬೇಜಾರು. ಪಂಚಮಿಯ ದಿನ ಚೆಂಡು ಕೊಡಲು ಮನಸ್ಸಿಲ್ಲದೆ ಕಲ್ಲಿನ ಹಿಂದೆ ಅಡಗಿಸುತ್ತಾನೆ. ಗೋಡೆಯಾಚೆ ಚೆಂಡು ಕಳೆದುಕೊಂಡ ಹುಡುಗಿ ಅಳುವುದು ಕೇಳಿ ಬಾಲದಿಂದ ಮೆಲ್ಲಗೆ ಹೊರಗೆ ದೂಡುತ್ತಾನೆ. ಟೈಪ್ ಮಾಡುವಾಗ ನನಗೇ ಕಣ್ಣು ತುಂಬಿತ್ತು.

ಆದರೆ ಪ್ರಕಾಶಕರ ಕಣ್ಣು ತುಂಬಬೇಕಲ್ಲ! ಒಬ್ಬರು ನೀತಿ ಎಲ್ಲಿ ಎಂದರು. ಇನ್ನೊಬ್ಬರು ಹಾವು ಎಂದರೆ ಮಕ್ಕಳು ಹೆದರುತ್ತವೆ ಎಂದರು. ಬೆಳ್ತಂಗಡಿಯ ಒಂದು ಸಭೆಯಲ್ಲಿ ಟೀಚರ್ ಓದಿದಾಗ, ಇದು ಮೂಢನಂಬಿಕೆಗೆ ಗೊಬ್ಬರ ಎಂದು ಒಬ್ಬ ದೊಡ್ಡ ಮನುಷ್ಯ ಮೈಕಿನಲ್ಲೇ ಬೈದ. ಜೊತೆಗೆ ನಾನೂ ಹೋಗಿದ್ದೆ, ಬರುವಾಗ ಬಸ್ಸಿನಲ್ಲಿ ಟೀಚರ್ ಇಡೀ ದಾರಿ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ನನಗೆ ಆ ಮನುಷ್ಯನ ಮೈಕು ಕಿತ್ತು ಅವನ ತಲೆಗೇ ಕುಟ್ಟಬೇಕು ಅನಿಸಿತ್ತು.

ಕೊನೆಗೂ ಹೋದ ವರ್ಷ ಒಂದು ಸಣ್ಣ ಪ್ರಕಾಶನದವರು ಒಪ್ಪಿದರು. ಮುಖಪುಟದ ಚಿತ್ರ ವಾಟ್ಸಾಪಿನಲ್ಲಿ ಬಂತು. ಬಿಚ್ಚಿದ ಹೆಡೆ, ಹೆಡೆಯ ಮೇಲೆ ಕೆಂಪು ಚೆಂಡು, ನಾಗಣ್ಣನ ಮುಖದಲ್ಲಿ ನಗು. ಬಣ್ಣದ ಪ್ರಿಂಟ್ ತೆಗೆದುಕೊಟ್ಟೆ. ಟೀಚರ್ ಮದುಮಗಳಂತೆ ನಾಚುತ್ತಾ ಅದನ್ನು ಮನೆಗೆ ಒಯ್ದರು.

ಆ ವಾರವೇ ಅವರ ಗಂಡ ರಮಾನಾಥಣ್ಣನ ಸೊಂಟಕ್ಕೆ ಸರ್ಪಸುತ್ತು ಎದ್ದಿತು. ಬೆನ್ನಿನಿಂದ ಹೊಟ್ಟೆಯವರೆಗೆ ಸಾಲು ಗುಳ್ಳೆ, ಅಂಗಿ ತಾಗಿದರೂ ಉರಿ. ಪಾಪ, ತಾವು ನಡೆಸುವ ಕ್ಯಾಂಟೀನಿಗೆ ಬಾಗಿಲು ಹಾಕಿ ಒಂದೇ ಮಗ್ಗುಲಲ್ಲಿ ಮಲಗಿದರು. ಡಾಕ್ಟರು ವೈರಸ್ ಎಂದು ಮಾತ್ರೆ ಕೊಟ್ಟರು. ಆದರೆ ಸರ್ಪಸುತ್ತು ನಾಗನ ಮುನಿಸು ಎಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಟೀಚರ ಅತ್ತೆ ಆ ಚಿತ್ರ ಹಿಡಿದು ಜಗಲಿಯಲ್ಲಿ ಕೂತು ಅತ್ತರಂತೆ. "ಹೆಡೆಯ ಮೇಲೆ ಚೆಂಡು ಇಟ್ಟಿದ್ದೀಯಲ್ಲ ಮಗಾ! ನಾಗನನ್ನು ಕೋಡಂಗಿ ಮಾಡಿದೆಯಲ್ಲ!"

ಶನಿವಾರ ಟೀಚರ್ ಬಂದಾಗ ಮುಖ ಬಾಡಿ ಹೋಗಿತ್ತು.

"ಅನಂತಕ್ಕ, ನಾಗಣ್ಣನನ್ನು ತೆಗೆಯುವ. ನಾಯಿ ಮಾಡುವ. ಬನ ಬೇಡ, ಪಕ್ಕದ ಮನೆಯ ಹಿತ್ತಿಲು ಅಂತ ಹಾಕುವ."

ನನ್ನ ನೆತ್ತಿಗೇರಿತು. "ನಿಮಗೆ ಮರ್ಲಾ ಟೀಚರ್, ತಲೆ ಸರಿ ಉಂಟಾ? ನಾಯಿ ಚೆಂಡು ತಂದುಕೊಡುವುದಕ್ಕೆ ಕಥೆ ಯಾಕೆ ಬೇಕು? ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಕಟ್ಟುತ್ತೀರಾ?"

"ಇವರು ಉರಿಯಲ್ಲಿ ನರಳುವಾಗ ಪಕ್ಕದಲ್ಲಿ ಇರುವುದು ನಾನು," ಎಂದರು ಟೀಚರ್. "ನಂಬುವುದಿಲ್ಲ ಅಂತ ಹೇಳ್ಲಿಕ್ಕೆ ನನಗೆ ಧೈರ್ಯ ಬರುವುದಿಲ್ಲ. ನಿಮಗೆ ಬರ್ತದಾ?"

ನಾವು ಜೈನರಾದರೂ ನಮ್ಮ ಮನೆಗೂ ನಾಗ ಉಂಟು, ಪಂಚಮಿಗೆ ನಾನೂ ಹಾಲು ಒಯ್ಯುತ್ತೇನೆ. ಫೈಲ್ ತೆರೆದೆ. ಇಬ್ಬರೂ ಕೂತು ನಾಗಣ್ಣನಿದ್ದಲ್ಲೆಲ್ಲ ನಾಯಿಯನ್ನು ಕೂರಿಸಿದೆವು. ಪ್ರತಿ ಸಲ ಅಳಿಸುವಾಗ ಟೀಚರ್ ಪರದೆಯಿಂದ ಮುಖ ತಿರುಗಿಸುತ್ತಿದ್ದರು. ಪ್ರಕಾಶಕರಿಗೆ ಖುಷಿಯೇ ಆಯಿತು, ನಾಯಿ ಚೆನ್ನಾಗಿ ಮಾರಾಟವಾಗುತ್ತದಂತೆ.

ರಮಾನಾಥಣ್ಣ ಗುಣವಾದರು. ಮಾತ್ರೆಯಿಂದಲೋ, ಅತ್ತೆ ನಾಗನಿಗೆ ಮಾಡಿಸಿದ ತಂಬಿಲದ ಪೂಜೆಯಿಂದಲೋ, ನಾಯಿಯಿಂದಲೋ, ಆ ಭಗವಂತನೇ ಹೇಳಬೇಕು. ಪುಸ್ತಕ ಅಚ್ಚಾಗಿ ಬಂತು. ಪಂಚಾಯತ್ ಸಭಾಭವನದಲ್ಲಿ ಬಿಡುಗಡೆ, ಶಾಲು, ಫಲತಾಂಬೂಲ ಎಲ್ಲ ಆಯಿತು. ರಮಾನಾಥಣ್ಣ ಇಸ್ತ್ರಿ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಟೀಚರ್ ಮಾತಾಡಲು ಎದ್ದು, ಎಲ್ಲರಿಗೂ ವಂದನೆ ಎಂದು ಹೇಳಿ ಕೂತರು. ಲೇಖಕಿಗೆ ಎಷ್ಟು ವಿನಯ ಎಂದು ಜನ ಹೊಗಳಿದರು.

ಮರುವಾರ ಅವರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಅತ್ತೆ ಆ ಪುಸ್ತಕವನ್ನು ಮಡಿಲಲ್ಲಿ ಬಿಚ್ಚಿಟ್ಟು ಟೀಚರ ಮಗಳು ಪ್ರಾಪ್ತಿಗೆ ಕಥೆ ಹೇಳುತ್ತಿದ್ದರು. ಅವರಿಗೆ ಓದು ಬಾರದು, ಟೀಚರ್ ಹಿಂದೆ ಮಗಳಿಗೆ ಓದಿ ಹೇಳುವಾಗ ಕೇಳಿದ ಕಥೆ. ನಾಯಿಯ ಚಿತ್ರದ ಮೇಲೆ ಬೆರಳಿಟ್ಟು, "ಆಗ ನಾಗಣ್ಣ ಮೆಲ್ಲ ಬಾಲ ಹೊರಗೆ ಹಾಕಿದ..." ಎನ್ನುತ್ತಿದ್ದರು. ಟೀಚರ್ ಚಹದ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು.

ನನಗೆ ತಡೆಯಲಾಗಲಿಲ್ಲ. "ಎಂಥ ಅಮ್ಮಾ ಇದು? ನಾಗ ಬೇಡ ಅಂತ ಅತ್ತದ್ದು ನೀವೇ ಅಲ್ವಾ?"

ಅತ್ತೆ ಅಳುಕದೆ ನನ್ನನ್ನು ನೋಡಿದರು. "ಕಥೆ ಚಂದ ಉಂಟಲ್ಲ ಮಗಾ. ಬಾಯಲ್ಲಿ ಹೇಳಿದರೆ ದೋಷ ಇಲ್ಲ, ಗಾಳಿಗೆ ಹೋಗ್ತದೆ. ಅಚ್ಚಾದದ್ದು ಹಾಗಲ್ಲ, ಅದು ನಾವು ಸತ್ತ ಮೇಲೂ ಉಳೀತದೆ."

ಟೀಚರ್ ಲೋಟವನ್ನು ನನ್ನ ಕೈಗೆ ಕೊಟ್ಟರು. ಅತ್ತೆಯ ಕಡೆ ತಿರುಗಿದರು.

"ಉಳೀಲಿ ಅಂತಲೇ ಅಲ್ವಾ ಮಾಮಿ, ನಾನು ಇಷ್ಟು ವರ್ಷ ಬರೆದದ್ದು?"