ಕಂಪೈಲರ್ ನುಂಗಿದ ದನಿ

ನಮ್ಮ ಕಂಪ್ಯೂಟರ್ ಲ್ಯಾಬ್ ಸರ್ ಒಂದು ಸಂಜೆ ಮೂಕರಾಗಿ ಕೂತದ್ದು ನನ್ನ ದಡ್ಡತನದಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡಮಾಡಿದರೆ ನನ್ನನ್ನೇ ಅಣಕಿಸಿ, ನಿಮ್ಮನ್ನು ನಗಿಸಿ ಜಾರಿಕೊಳ್ಳುವ ಆಸಾಮಿ ನಾನು.

ಅವರ ಕತ್ತಿನ ಕುಳಿಯಲ್ಲೊಂದು ತೂತು, ಅದರ ಮೇಲೆ ಬಿಳಿ ಬಟ್ಟೆಯ ತುಂಡು. ಉಸಿರಾಡಿದಾಗಲೆಲ್ಲ ಬಟ್ಟೆ ಮಿಸುಕುತ್ತಿತ್ತು. ಗಂಟಲ ಕ್ಯಾನ್ಸರಿನ ಆಪರೇಷನ್ನಿನಲ್ಲಿ ದನಿ ಪೂರ್ತಿ ಹೋಗಿತ್ತು. ಅದಕ್ಕೂ ಮೊದಲು ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ಅವರು ಗದರಿದರೆ ಪಕ್ಕದ ಕೋಣೆಯವರೂ ಪುಸ್ತಕ ತೆರೆಯುತ್ತಿದ್ದರು. ಪ್ರಿನ್ಸಿಪಾಲರಿಂದ ಸಂಡೂರು ಬಸ್ಸಿನ ಕಂಡಕ್ಟರ್ ತನಕ ಎಲ್ಲರನ್ನೂ ಅಣಕಿಸುತ್ತಿದ್ದ ನನಗೆ ಸರ್ ದನಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿತ್ತು. ಪರದೆ ತುಂಬ ತಪ್ಪುಗಳು ಬಂದಾಗ ಅವರು ಹೇಳುತ್ತಿದ್ದ ಮಾತೇ ನನ್ನ ಖಾಯಂ ಐಟಂ: "ಲೇ, ಮೊದಲ್ನೇ ತಪ್ಪು ನೋಡಲೇ! ಉಳಿದಿದ್ದೆಲ್ಲ ಅದರ ಮಕ್ಳು ಮೊಮ್ಮಕ್ಳು!"

ಆಪರೇಷನ್ ಆದಮೇಲೆ ಮನೆಗೆ ಕರೆಸಿ ಸ್ಲೇಟಿನಲ್ಲಿ ಬರೆದರು: "ನನ್ನ ದನಿ ನಿನ್ನ ಹತ್ರ ಐತಿ. ಜಲ್ದಿ ಕೊಡು." ನಾನು ನಕ್ಕೆ. ಅವರು ನಗಲಿಲ್ಲ.

ಅವರ ತಾಯಿ ಕಂಪ್ಲಿಯಲ್ಲಿ ಕಿರಿಯ ಮಗನ ಮನೆಯಲ್ಲಿದ್ದರು. ಕಣ್ಣು ಕಾಣದ ಆಕೆಗೆ ಸ್ಲೇಟಿನಿಂದ ಏನು ಪ್ರಯೋಜನ? ನಾನು ಸರ್ ದನಿಯಲ್ಲಿ ಕಾಗುಣಿತವೆಲ್ಲ ಹೇಳಿದೆ. ಅವರು ಅದನ್ನು ರೆಕಾರ್ಡ್ ಮಾಡಿ, ಅಕ್ಷರ ಅಕ್ಷರವಾಗಿ ಕತ್ತರಿಸಿ, ತಾವೇ ಹಿಂದೆಂದೋ ಲಿನಕ್ಸ್ ಕಂಪ್ಯೂಟರಿಗೆಂದು ಬರೆದಿದ್ದ ಪ್ರೋಗ್ರಾಮಿಗೆ ಜೋಡಿಸಿದರು. ಅವರು ಟೈಪ್ ಮಾಡಿದ್ದನ್ನು ಲ್ಯಾಪ್‌ಟಾಪ್ ಮಾತಾಡುತ್ತಿತ್ತು. ಮೊದಲ ಸಂಜೆ ಫೋನಿನಲ್ಲಿ ಅದು "ಅವ್ವಾ, ಉಂಡ್ಯಾ?" ಎಂದಾಗ ಆಕೆ ಇನ್ನೊಮ್ಮೆ ಹೇಳಿಸಿ ಕೇಳಿದರು. ಆಮೇಲೆ, "ಉಂಡ್ನಪ್ಪಾ. ನೀನು?"

ದಿನವೂ ಸಂಜೆ ಫೋನು ನಡೆಯಿತು. ನನಗೆ ಸುಮ್ಮನಿರಲಾಗಲಿಲ್ಲ. ಸರ್ ನಗುವನ್ನೂ ಸೇರಿಸೋಣವೆಂದು ಹೊರಟೆ. ನಗು ನುಡಿಸಲು ತಂದ ತಂತ್ರಾಂಶ, ಬರೆದ ಸಾಲುಗಳನ್ನು ಓಡುವ ಪ್ರೋಗ್ರಾಮಾಗಿ ಕಟ್ಟಿಕೊಡುವ ಕಂಪೈಲರಿನ ಹೊಸ ಆವೃತ್ತಿ ಕೇಳಿತು. ಸರ್ ಆಸ್ಪತ್ರೆಗೆ ಹೋಗಿದ್ದಾಗ ಹಳೆಯದನ್ನು ಕಿತ್ತು ಹೊಸದನ್ನು ಹಾಕಿ, ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಮನ್ನು ಅಳಿಸಿ, ಮತ್ತೆ ಕಟ್ಟಲು ಕೂತೆ. ಹಳೇ ಕಂಪೈಲರ್ ಗೊಣಗಿಯಾದರೂ ಒಪ್ಪಿಬಿಡುತ್ತಿದ್ದ ಸಾಲುಗಳನ್ನೇ ಹೊಸದು ತಪ್ಪೆಂದು ತಡೆಯಿತು. ಏನೂ ಕಟ್ಟಿಕೊಳ್ಳಲಿಲ್ಲ, ಲ್ಯಾಪ್‌ಟಾಪ್ ಮೂಕವಾಯಿತು.

ಸರ್ ಬರುವುದಕ್ಕೂ ಕಂಪ್ಲಿಯ ಫೋನಿಗೂ ಸರಿಹೋಯಿತು.

"ಅಪ್ಪಾ? ಯಾಕ ಸುಮ್ನಿದ್ದಿ? ಮೈಯಾಗ ಹುಷಾರಿಲ್ಲೇನು?"

ಸರ್ ಬೆರಳಿನಿಂದ ಫೋನನ್ನು ತಟ್ಟಿದರು. ಅವರ ದನಿಯಲ್ಲಿ ನಾನೇ ಮಾತಾಡೋಣವೆಂದು ಬಾಯಿ ತೆರೆದೆ. ಸರ್ ನನ್ನ ಬಾಯಿಗೆ ಅಂಗೈ ಒತ್ತಿ ಹಿಡಿದರು. ಆಕೆ ಕಾದು ಕಾದು ಫೋನಿಟ್ಟರು.

ಆಮೇಲೆ ಸ್ಲೇಟು: "ಬೈಯೋದು ನಾಳೆ. ಹಳೇದನ್ನ ವಾಪಸ್ ಹಾಕು. ಹೊಸದು ತೆಗೀಬ್ಯಾಡ. ಎರಡೂ ಪಕ್ಕಪಕ್ಕ ಇರ್ಲಿ."

ಹಾಗೇ ಮಾಡಿದೆ. ಹಳೇ ಕಂಪೈಲರಿನಿಂದಲೇ ಕಟ್ಟು ಎಂದು ಹೇಳಿದಾಗ ಪ್ರೋಗ್ರಾಂ ಎದ್ದು ಕೂತಿತು. ಸರ್ ಕಂಪ್ಲಿಗೆ ಫೋನ್ ಹಚ್ಚಿ ಟೈಪ್ ಮಾಡಿದರು: "ಅವ್ವಾ, ಮಷೀನ್ ಕೆಟ್ಟಿತ್ತು. ಒಂದು ಕತ್ತಿ ಬಾಯಿ ಹಾಕಿತ್ತು." ನನ್ನ ದನಿಯಲ್ಲೇ ನನ್ನನ್ನು ಕತ್ತೆ ಎನ್ನಿಸಿದರು.

ಆದರೆ ನಗು ಹಳೆಯದರ ಜೊತೆ ಕೂಡಲಿಲ್ಲ. ಹೊಸ ಕಂಪೈಲರ್ ಒಪ್ಪುವಂತೆ ಇಡೀ ಪ್ರೋಗ್ರಾಮನ್ನೇ ತಿದ್ದಬೇಕಿತ್ತು. ದಿನಕ್ಕಿಷ್ಟು ತಿದ್ದುತ್ತಾ ಕೂತೆವು. ಅರ್ಧ ದಾರಿಯಲ್ಲಿ ರೋಗ ಎದೆಗಿಳಿಯಿತು. ಟೈಪ್ ಮಾಡುವ ಬೆರಳು ನಿಧಾನವಾದವು. ಕಂಪ್ಲಿಯ ಆಕೆ ಒಂದೊಂದು ಮಾತಿಗೂ ಕಾಯುವುದನ್ನು ಕಲಿತರು. ಕೊನೆಗೆ ಬೆರಳೂ ನಿಂತವು, ಬಟ್ಟೆಯ ತುಂಡೂ ನಿಂತಿತು.

ಉಳಿದದ್ದನ್ನು ಒಬ್ಬನೇ ತಿದ್ದಿ ಮುಗಿಸಿದೆ. ಗೊಣಗಾಟವಿಲ್ಲದೆ ಕಟ್ಟಿಕೊಂಡಿತು, ತೋರಿಸಲು ಸರ್ ಇರಲಿಲ್ಲ. ಲ್ಯಾಪ್‌ಟಾಪ್ ಹೊತ್ತು ಕಂಪ್ಲಿಗೆ ಹೋದೆ. "ಅಮ್ಮಾ, ಸರ್ ದನಿ ಇದರಾಗ ಐತಿ. ಯಾವಾಗ ಬೇಕಂದ್ರೂ ಕೇಳ್ರಿ" ಎಂದು ಆಕೆಯ ಎದುರು ತೆರೆದಿಟ್ಟೆ.

ಆಕೆ ಕೈಯಾಡಿಸಿ ಅದರ ಅಂಚನ್ನು ಹುಡುಕಿದರು.

"ದನಿ ಅವಂದಲ್ಲ ಅಂತ ಮೊದ್ಲೇ ಗೊತ್ತಿತ್ತಪ್ಪಾ, ನಿಂದು ಅಂತ ಅವ್ನೇ ಹೇಳಿದ್ದ. ಮಾತು ನನ್ನ ಮಗಂದು. ಮಾತಾಡೋನೇ ಹೋದ ಮ್ಯಾಲೆ ಬರೇ ದನಿ ತಗಂಡು ಏನ್ ಮಾಡ್ಲಿ? ಮುಚ್ಚು."