ಎರವಲು ಫ್ಯಾನಿನ ಗಾಳಿ

ನಮ್ಮ ಸಂಸ್ಥೆಯ ಡೈರೆಕ್ಟರ್ ಸಾಹೇಬರಿಗೆ ಬಡತನದ ಬಗ್ಗೆ ಗೊತ್ತಿಲ್ಲದ್ದೇ ಇರಲಿಲ್ಲ. ಕೊರಿಯಾ ಹೇಗೆ ಮೇಲೆದ್ದಿತು, ಬ್ರೆಜಿಲ್ ಎಲ್ಲಿ ಎಡವಿತು, ಎಲ್ಲ ಬಾಯಿಪಾಠ. ಬರೀ ಪುಸ್ತಕದ ಬದನೆಕಾಯಿ. ಮೈಸೂರಿನಿಂದ ಚೆನ್ನೈಗೆ ಬಂದು ನಾಲ್ಕು ವರ್ಷವಾದರೂ ತಮಿಳಿನಲ್ಲಿ ಕುಡಿಯಲು ನೀರು ಕೇಳುವುದಕ್ಕೂ ಬರುತ್ತಿರಲಿಲ್ಲ. ಹತ್ತು ದೇಶಗಳ ಬಡತನವನ್ನು ಹೋಲಿಸುವ ಸಮೀಕ್ಷೆಗೆಂದು ಊರಂಚಿನ ಮಣಲಿಗೆ ಹೊರಟಾಗ, ಇಲ್ಲೇ ಹುಟ್ಟಿ ಬೆಳೆದ ಕನ್ನಡದವಳಾದ ನನ್ನನ್ನು ದುಭಾಷಿಯಾಗಿ ಕರೆದುಕೊಂಡರು.

ಮೊದಲ ಮನೆಯಾಕೆ ಬುಟ್ಟಿ ಹೊತ್ತು ಮೀನು ಮಾರುವವಳು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ನಮ್ಮ ಪಟ್ಟಿಯಲ್ಲಿ ಬಡವರೆಂದು ಹೆಸರು ಬಂದರೆ ಓದಿನ ಖರ್ಚನ್ನು ಸಂಸ್ಥೆಯೇ ನೋಡಿಕೊಳ್ಳುತ್ತಿತ್ತು. ದೊಡ್ಡವರು ಬರುತ್ತಾರೆಂದು ಅವಳು ನೆಲ ತೊಳೆದು, ಪಕ್ಕದ ಮನೆಯಿಂದ ಎರಡು ಕುರ್ಚಿ, ಒಂದು ಟೇಬಲ್ ಫ್ಯಾನು ತಂದಿಟ್ಟಿದ್ದಳು. ಫ್ಯಾನನ್ನು ಸಾಹೇಬರ ಕಡೆ ತಿರುಗಿಸಿ ತಾನು ಬಾಗಿಲ ಹತ್ತಿರ ನಿಂತಳು.

ಸಾಹೇಬರು ಹಾಯಾಗಿ ಕೂತು ಫಾರಂ ಬಿಡಿಸಿದರು.

"ಫ್ಯಾನ್ ಇದೆ, ಕುರ್ಚಿ ಇದೆ. ಇವ್ರೇನ್ರೀ ಬಡವ್ರು?"

"ಅದೆಲ್ಲ ಪಕ್ಕದ್ ಮನೇದು ಸಾರ್. ಚುಮ್ಮಾ ನಮಗೋಸ್ಕರ ತಂದಿಟ್ಟಿದಾಳೆ."

"ಎರವಲು ಅನ್ನೋ ಕಾಲಮ್ಮೇ ಇಲ್ವಲ್ರೀ. ಹತ್ತು ದೇಶಕ್ಕೂ ಇದೇ ಫಾರಂ. ಇವಳೊಬ್ಬಳಿಗೋಸ್ಕರ ಬದಲಾಯ್ಸಕ್ಕಾಗತ್ತಾ?"

ಫ್ಯಾನು, ಕುರ್ಚಿ ಎರಡಕ್ಕೂ ಟಿಕ್ ಹಾಕಿದರು. ಅವಳು ಕೊಟ್ಟ ಕಾಫಿ ಕುಡಿದು, ಇನ್ನರ್ಧ ಲೋಟ ಹಾಕಿಸಿಕೊಂಡರು ಮಹಾನುಭಾವರು. ಎರವಲು ಫ್ಯಾನಿನ ಗಾಳಿಗೆ ಆ ಮನೆಯ ಬಡತನ ಹಾರಿಹೋಯಿತು. ವರದಿಯಲ್ಲಿ ದೇಶ ಒಂದು ಮನೆಯಷ್ಟು ಮುಂದೆ ಬಂತು.

ನಾನೇನು ಕಡಿಮೆಯೇ? ಫಾರಂ ಕೆಳಗೆ ದುಭಾಷಿಯ ಸಹಿಯೂ ಬೇಕಿತ್ತು. ಕೆಲಸಕ್ಕೆ ಕುತ್ತು ಬಂದೀತೆಂದು ತೆಪ್ಪಗೆ ಹಾಕಿಕೊಟ್ಟೆ. ಸಾಹೇಬರಿಗಾದರೂ ಭಾಷೆ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಪಟ್ಟಿ ಹೊರಬಿದ್ದ ಮರುದಿನ ಆಕೆ ಮಗಳನ್ನು ಕರೆದುಕೊಂಡು ಬೆಸೆಂಟ್ ನಗರದ ನಮ್ಮ ಆಫೀಸಿಗೆ ಬಂದಳು. ಜಗಳಕ್ಕೇ ಬಂದಿದ್ದಾಳೆಂದುಕೊಂಡೆ, ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ತಮಿಳಿನಲ್ಲಿ ಕೇಳಿದಳು:

"ಅವತ್ತು ನಾವು ಮಾಡಿದ ಮರ್ಯಾದೇಲಿ ಏನಾದ್ರೂ ಕಮ್ಮಿ ಆಯ್ತಾಮ್ಮಾ? ಬಿಸ್ಕತ್ತೂ ತರೋಣ ಅಂತ ಇವಳು ಬಡ್ಕೊಂಡ್ಳು. ನಾನೇ ಬೇಡ ಅಂದ್ಬಿಟ್ಟೆ."