ಮಿರ್ಚಿ ಪೊಟ್ಟಣದಲ್ಲಿ ಬಂದ ಬೆನ್ನು

ಮಿರ್ಚಿ ಕಟ್ಟಿಸಿಕೊಂಡು ತಂದ ಕಾಗದದಲ್ಲಿ ಸುಗ್ರಾಬಿಯ ಬೆನ್ನಿತ್ತು. ಅದನ್ನು ಮೊದಲು ಕಂಡವಳು ಯಾಸ್ಮೀನ್. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇಬ್ಬರೂ ಜತೆಗೆ ಕೆಲಸ ಮಾಡುತ್ತಾರೆ. ಎಣ್ಣೆ ಇಂಗಿದ ಪತ್ರಿಕೆಯ ಹಾಳೆ. ಅದರಲ್ಲಿ ಕಟ್ಟೆಯ ಮೇಲೆ ಕೂತ ದಪ್ಪ ಹೆಂಗಸಿನ, ಹಿಂದಿನಿಂದ ತೆಗೆದ ಬಣ್ಣದ ಫೋಟೊ. ತಲೆ ಇರಲಿಲ್ಲ, ಕುತ್ತಿಗೆಗೇ ಕತ್ತರಿಸಿದ್ದರು. ಮೇಲೆ ದೊಡ್ಡ ಅಕ್ಷರದಲ್ಲಿ, ‘ಮೈ ಬಗ್ಗಿಸದವರಿಗೆ ಬೊಜ್ಜು ಗ್ಯಾರಂಟಿ’.

“ಅಕ್ಕಾ, ಇದು ನೀನಲ್ಲೇನೆ?”

“ತಲೇನೇ ಇಲ್ಲ. ನಾನೇ ಅಂತ ಹೆಂಗೆ ಹೇಳ್ತಿ?”

“ಸೆರಗು ಸುಟ್ಟೈತಲ್ಲ, ನೋಡು. ಇಷ್ಟಗಲ ತೂತು ಇಟ್ಕೊಂಡು ತಿರುಗಾಡೋರು ಊರಾಗೆ ಇನ್ಯಾರದಾರೆ?”

ಸುಗ್ರಾಬಿ ಬಿದ್ದು ಬಿದ್ದು ನಕ್ಕಳು. ಐವತ್ತೆರಡರ ಅವಳಿಗೆ ಭಟ್ಟಿಯಲ್ಲಿ ಇಪ್ಪತ್ತಾರು ವರ್ಷವಾಯಿತು. ಬೆಳಗಿನ ಐದಕ್ಕೆ ಬಂದು, ಕಾದ ಮರಳಿಗೆ ಅಕ್ಕಿ ಸುರಿದು, ಅದು ಅರಳಿದ ಕ್ಷಣಕ್ಕೆ ಜರಡಿಗೆ ಎಳೆಯುತ್ತಾಳೆ. ಕಣ್ಣು ಮಿಟುಕಿಸುವಷ್ಟು ತಡವಾದರೂ ಮಂಡಕ್ಕಿ ಕೆಂಪಗಾಗುತ್ತದೆ. ಫೋಟೊ ತೆಗೆದವನು ಬಂದದ್ದು ಹತ್ತೂವರೆಗೆ, ಅವಳು ದಿನದಲ್ಲಿ ಒಂದೇ ಸಲ ಕೂರುವ ಹೊತ್ತಿಗೆ.

ಸಂಜೆಗೆ ನಗು ನಿಂತಿತು. ಮಂಡಿಪೇಟೆಯ ವ್ಯಾಪಾರಿ ನಾಗಭೂಷಣ್ ಹರಿಹರದ ಪಕ್ಕದ ಗುತ್ತೂರಿನಲ್ಲಿ ಹೊಸ ಭಟ್ಟಿ ಹಾಕುತ್ತಿದ್ದರು. ಅಲ್ಲಿಗೆ ಸುಗ್ರಾಬಿಯೇ ಮೇಸ್ತ್ರಿ ಎಂದು ತಿಂಗಳ ಹಿಂದೆ ಮಾತು ಕೊಟ್ಟಿದ್ದರು. ಹೆಂಗಸು ಮೇಸ್ತ್ರಿಯಾದದ್ದನ್ನು ಅವಳ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಈಗ ಅವರು ಅವಳನ್ನು ಅಂಗಡಿಗೆ ಕರೆಸಿದರು. ಅದೇ ಫೋಟೊದ ಲೇಖನ ಅವರ ಗಲ್ಲಾಪೆಟ್ಟಿಗೆಯ ಮೇಲಿತ್ತು.

“ಬ್ಯಾಸರ ಮಾಡ್ಕಬ್ಯಾಡ ಸುಗ್ರಮ್ಮ. ಬೆಂಕಿ ಮುಂದಿನ ಕೆಲಸ, ನಿನ್ನ ಶರೀರ ಇಂಥದ್ದು. ಹಾರ್ಟು ಗೀರ್ಟು ಅಂದ್ರೆ ನಾನೇನು ಮಾಡ್ಲಿ? ನಿಮ್ಮ ಭಟ್ಟಿ ಬಕ್ಕೇಶನ್ನೇ ಇಡೋಣ ಅಂತ. ಟಿವಿಯಾಗೆ ತೋರಿಸ್ತಾರಲ್ಲ, ಹಂಗೆ ತೆಳ್ಳಗದಾನೆ.”

“ಅವನು ಬೀಡಿ ಸೇದಿ ತೆಳ್ಳಗಾಗಿರೋದು, ಸಾವ್ಕಾರ್ರೆ.”

ನಾಗಭೂಷಣ್‌ಗೆ ನಗು ಬಂತು, ಆದರೆ ಮನಸ್ಸು ಬದಲಾಗಲಿಲ್ಲ. “ಸೋಮವಾರ ನೋಡೋಣ,” ಎಂದರು.

ಮರುದಿನ ಸುಗ್ರಾಬಿ ಕೆ.ಬಿ. ಬಡಾವಣೆಯ ಕ್ಲಿನಿಕ್ಕಿಗೆ ಹೋದಳು. ತೂಕದ ಯಂತ್ರ ನೋಡಿ ಡಾಕ್ಟರಮ್ಮ ಹುಬ್ಬೇರಿಸಿದರು. ವ್ಯಾಯಾಮ ಏನಾದರೂ ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಅವಳು ಎದ್ದು ನಿಂತು ಜರಡಿ ಆಡಿಸುವುದನ್ನು ಮಾಡಿ ತೋರಿಸಿದಳು. ಮೇಜಿನ ಮೇಲಿನ ಪೆನ್ನಿನ ಡಬ್ಬಿ ಕೆಳಗುರುಳಿತು. ರಕ್ತಪರೀಕ್ಷೆಯೂ ಹೃದಯದ ಪರೀಕ್ಷೆಯೂ ಆದವು. ಸಕ್ಕರೆ ಸರಿ, ಹೃದಯ ಸರಿ, ಬಿ.ಪಿ. ತುಸು ಹೆಚ್ಚು. ದಿನಕ್ಕೊಂದು ಮಾತ್ರೆ, ಊಟದಲ್ಲಿ ಉಪ್ಪು ಕಡಿಮೆ. ಭಟ್ಟಿ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಡಾಕ್ಟರಮ್ಮ ಬರೆದುಕೊಟ್ಟರು.

ಸೋಮವಾರ ಅವಳು ಹೋದಾಗ ಅಂಗಡಿಯ ಮುಂದೆ ಅಕ್ಕಿ ಮೂಟೆಗಳು ಇಳಿಯುತ್ತಿದ್ದವು. ನಾಗಭೂಷಣ್ ಚೂಪಾದ ಕಬ್ಬಿಣದ ಕೊಳವೆಯನ್ನು ಒಂದೊಂದಕ್ಕೂ ಚುಚ್ಚಿ, ಒಳಗಿನ ಕಾಳು ಅಂಗೈಗೆ ಸುರಿದುಕೊಂಡು ನೋಡುತ್ತಿದ್ದರು. ಅಕ್ಕಿ ಪೇಟೆಯಲ್ಲಿ ಹೀಗೆ ನೋಡದೆ ಯಾರೂ ಮಾಲು ಇಳಿಸಿಕೊಳ್ಳುವುದಿಲ್ಲ.

“ಆ ಮೂಟೆ ಎಷ್ಟು ಉಬ್ಬೈತೆ ನೋಡ್ರಿ. ವಾಪಸ್ ಕಳಿಸ್ರಿ,” ಎಂದಳು ಸುಗ್ರಾಬಿ.

“ಹುಚ್ಚೇನು ನಿನಗೆ? ಒಳಗಿನ ಕಾಳು ನೋಡ್ದೆ ಹೆಂಗೆ ಕಳಿಸ್ಲಿ?”

ಅವಳು ಡಾಕ್ಟರಮ್ಮನ ಚೀಟಿಯನ್ನೂ ರಕ್ತಪರೀಕ್ಷೆಯ ಹಾಳೆಯನ್ನೂ ಅವರ ಅಂಗೈಯ ಕಾಳಿನ ಪಕ್ಕಕ್ಕೆ ಹಿಡಿದಳು. “ನಂದೂ ಚುಚ್ಚಿ ತೆಗೆಸೀನಿ. ನೋಡ್ರಿ.”

ಮೂಟೆ ಹೊತ್ತಿದ್ದ ಹಮಾಲಿ ಮೊದಲು ನಕ್ಕ. ನಾಗಭೂಷಣ್ ಕನ್ನಡಕ ಹಾಕಿಕೊಂಡು ಎರಡೂ ಹಾಳೆ ಓದಿದರು, ಹಿಂದೆ ತಿರುವಿಯೂ ನೋಡಿದರು.

“ಬಿ.ಪಿ. ಐತಲ್ಲ?”

“ಐತೆ. ಮಾತ್ರೆನೂ ಐತೆ. ನಿಮಗಿಲ್ಲೇನು?”

ಅವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ತೆಳು ಬಟ್ಟೆಯೊಳಗೆ ಮಾತ್ರೆಯ ಪಟ್ಟಿ ಎದ್ದು ಕಾಣುತ್ತಿತ್ತು.

“ಗುರುವಾರ ಒಲೆ ಹಚ್ಚೋದು,” ಎಂದರು. “ಲೇಟಾಗಿ ಬರಬ್ಯಾಡ, ಮೇಸ್ತ್ರಿ.”

ಗುತ್ತೂರಿನ ಮೊದಲ ಮಂಡಕ್ಕಿ ಮಲ್ಲಿಗೆಯಷ್ಟು ಬೆಳ್ಳಗೆ ಬಂತು. ಹಳೇ ಭಟ್ಟಿಯಿಂದ ಯಾಸ್ಮೀನ್, ಬಕ್ಕೇಶ್ ಇಬ್ಬರೂ ಸುಗ್ರಾಬಿಯ ಜತೆ ಬಂದಿದ್ದರು; ಜರಡಿಗೆ ನಿಂತಿದ್ದ ಬಕ್ಕೇಶ್ ನಡುನಡುವೆ ಕೆಮ್ಮಿದ. ಎಲ್ಲರ ಮನೆಗೂ ಒಂದೊಂದು ಪೊಟ್ಟಣ ಕಟ್ಟಲು ಯಾಸ್ಮೀನ್ ಹಳೇ ಪತ್ರಿಕೆ ಹರಡಿದಳು. ಸುಗ್ರಾಬಿ ಹಾಳೆ ಕಿತ್ತುಕೊಂಡು ಎರಡೂ ಬದಿ ನೋಡಿದಳು.

“ಏನಕ್ಕಾ ಹುಡುಕ್ತಿ?”

“ನೋಡ್ಕೊಂಡು ಕಟ್ಟೇ. ಈ ಸಲ ನನ್ನ ಫೋಟೊಕ್ಕೆ ತಲೆನೂ ಹಾಕಿದ್ರೆ, ಆ ಹಾಳೆ ಮನೆಗೆ ಒಯ್ತೀನಿ.”